ಬುಡ ಇದ್ರೆ ಚಿಗುರ್ತದೆ

ಗುಡ್ಡದ ತಪ್ಪಲಲ್ಲಿ ಒಂದು ಗುಡಿಸಲು, ಗುಡಿಸಲಲ್ಲಿ ದೇವೀರವ್ವ, ದೇವೀರವ್ವನಿಗೆ ಒಬ್ಬನೇ ಮಗ, ಮಗನ ಹೆಸರು ಗುರುಮಲ್ಲ. ಮೈಯೆಲ್ಲ ಕಸುವು, ತಲೆಯೆಲ್ಲ ಗಾಳಿ. ಇವನ ತಲೆಗೆ ಮಿದುಳು ತುಂಬೋ ಹೊತ್ತಲ್ಲಿ ದೇವರು ಎಲೆ ಅಡಿಕೆ ಹಾಕಿಕೊಳ್ಳಲು ಎದ್ದು ಹೋದನಂತೆ. ಮತ್ತೆ ಬರಲೇ ಇಲ್ಲ.

ಗುಡಿಸಲಲ್ಲಿ ಮಲಗಿದರೆ ಸೂರಿನ ತೂತಲ್ಲಿ ಚುಕ್ಕಿ ಕಾಣೋವು. ಗುರುಮಲ್ಲನಿಗೆ ಗೊತ್ತು ಮಾಡಿದ ಹುಡುಗಿಯ ಸೋದರಮಾವ ಬೆಳ್ಳಪ್ಪ ಕಡ್ಡಿ ಮುರಿದಂಗೆ ಹೇಳಿದ್ದ: "ಮೊದಲು ಸೂರು, ಆಮೇಲೆ ಸೊಸೆ! ಮಳೆಗೆ ಮುಂಚೆ ಬಂದು ನೋಡ್ತೀನಿ. ಒಂದು ತೂತು ಕಂಡರೂ ಹೆಣ್ಣಿಲ್ಲ!"

ದೇವೀರವ್ವ ಮಗನ ಕೈಗೆ ಕುಡುಗೋಲು ಕೊಟ್ಟಳು. "ಗುಡ್ಡದಲ್ಲಿ ಸೂರಿಗೆ ಹೊದಿಸೋ ಬಾದೆಹುಲ್ಲು ಅದೆ ಕಣ್ ಮಗ. ಆಳೆತ್ತರದ್ದು ನೋಡಿ ಕುಯ್ಕೊಂಡು ಬಾ."

"ಆಳೆತ್ತರದ್ದೇ ತತ್ತೀನಿ ಕಣವ್ವ!"

ಹೋದ. ಒಂದೊಂದು ಕಡ್ಡಿಯ ಪಕ್ಕದಲ್ಲೂ ನೆಟ್ಟಗೆ ನಿಂತು ನೋಡಿದ. ಒಂದರ ತೆನೆ ನೆತ್ತಿ ದಾಟಿತ್ತು, ಇನ್ನೊಂದು ಮೂಗಿಗೇ ಮುಗಿದಿತ್ತು. ಹೊತ್ತು ಮುಳುಗುವಾಗ ಒಂದೇ ಒಂದು ಕಡ್ಡಿ ಹೆಗಲ ಮೇಲಿಟ್ಟುಕೊಂಡು ಬಂದ.

"ಇದೇನ್ಲಾ?"

"ಆಳೆತ್ತರದ್ದು ಕಣವ್ವ. ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ!"

"ನಿನ್ನ ತಲೆಗೆ ಗೆದ್ದಲು ಹಿಡಿಯ! ಹೇನು ಆರಿಸಿದಂಗೆ ಕಡ್ಡಿ ಆರಿಸ್ತಾರಾ? ಒಂದು ಬುಡಕ್ಕೆ ಹತ್ತಾರು ಕಡ್ಡಿ ತೆಂಡೆ ಒಡೆದಿರ್ತದೆ. ಬುಡಕ್ಕೇ ಕೈ ಹಾಕು!"

"ಬುಡಕ್ಕೇ ಹಾಕ್ತೀನಿ ಕಣವ್ವ!"

ಮಾರನೆ ದಿನ ಹಾರೆ ಹೊತ್ತು ಹೋದ. ಅಗೆದ, ಅಗೆದ, ಅಗೆದೇ ಅಗೆದ. ಬೇರೋ, ಮುದುಕನ ಗಡ್ಡದಂಗೆ ಜುಂಜು ಜುಂಜಾಗಿ ಪಾತಾಳಕ್ಕೆ ಇಳಿದಿತ್ತು. ಬಿಡಲಿಲ್ಲ. ಮಣ್ಣು, ಬೇರು, ಒಂದು ಇಡೀ ಇರುವೆ ಸಂಸಾರ, ಎಲ್ಲ ತಲೆಮೇಲೆ ಹೊತ್ತು ತಂದು ಅವ್ವನ ಕಾಲ ಬಳಿ ಧೊಪ್ಪನೆ ಹಾಕಿದ. ದೇವೀರವ್ವ ಸೀರೆ ಒದರಿಕೊಂಡು ಕುಣಿದಳು.

"ಬೇರು ಕಿತ್ತರೆ ಕತೆ ಮುಗೀತು ಕಣೋ ಮೂದೇವಿ! ಬುಡ ನೆಲದಲ್ಲೇ ಬುಡು, ಮೇಲಿಂದ ಕುಯ್ಯಿ. ಬುಡ ಇದ್ರೆ ಬಿಸಿಲಿಗೆ ಸುಟ್ಟರೂ ಸಾಯಕ್ಕಿಲ್ಲ, ನೀರು ಬಿದ್ರೆ ಚಿಗುರ್ತದೆ. ಇನ್ಮೇಲೆ ಏನೇ ತಂದರೂ ಬುಡ ಬುಟ್ಟು ತಾ!"

"ಏನೇ ತಂದರೂವಾ?"

"ಏನೇ ತಂದರೂ!"

ಬರೋ ನೆಂಟನಿಗೆ ಬೇಯಿಸಲು ಪಕ್ಕದ ಹೊಲದ ರಾಚವ್ವ ಕಡಲೆಕಾಯಿ ಕಿತ್ತುಕೊಳ್ಳಿ ಅಂದಿದ್ದಳು. ಗುರುಮಲ್ಲ ಹೋದ. ಕುಕ್ಕೆ ತುಂಬ ಹಸಿರು ಸೊಪ್ಪು ತಂದ.

"ಕಾಯಿ ಎಲ್ಲೋ?"

"ಕಾಯಿ ನೆಲದಾಗೇ ಅವೆ ಕಣವ್ವ. ನೀರು ಬಿದ್ರೆ..."

ದೇವೀರವ್ವ ಹಣೆ ಹಣೆ ಚಚ್ಚಿಕೊಂಡಳು. "ಏನು ಬೇಕು ಅಂತ ಕಣ್ಣು ಬುಟ್ಟು ನೋಡಿ ತಾರೋ, ನನ್ನ ಹೊಟ್ಟೇಲಿ ಹುಟ್ಟಿದ ಒರಳುಕಲ್ಲೇ!"

ಕೊನೆಗೆ ತಾನೇ ಗುಡ್ಡ ಹತ್ತಿದಳು, ತಾನೇ ಕುಯ್ದಳು, ತಾನೇ ಸೂರು ಹೊದಿಸಿದಳು. ಇನ್ನು ಒಂದು ಹಿಡಿ ಹುಲ್ಲಿನಷ್ಟು ತೂತು ಉಳಿದಿತ್ತು. ಅಷ್ಟರಲ್ಲಿ ಬಂದೇಬಿಟ್ಟ ಬೆಳ್ಳಪ್ಪ! ಮುಂದೆ ಮೀಸೆ, ಹಿಂದೆ ಬೆಳ್ಳಪ್ಪ. ಮದರಂಗಿ ಬಳಿದ ಕೆಂಪು ಮೀಸೆ, ಎರಡು ಕಡೆಗೂ ಪೊದೆ. ಮುದ್ದೆ ಮುರಿದ, ಜಗಲಿ ಮೇಲೆ ಅಂಗಾತ ಬಿದ್ದು ಗೊರಕೆ ಹೊಡೆದ.

ದೇವೀರವ್ವ ಮಗನ ಕಿವಿ ಹಿಂಡಿ ಪಿಸುಗುಟ್ಟಿದಳು: "ಅಣ್ಣಯ್ಯ ಏಳೋದರೊಳಗೆ ಒಂದು ಹಿಡಿ ತಂದು ತೂತು ಮುಚ್ಚು. ಗುಡ್ಡಕ್ಕೆ ಹೋದರೆ ಹೊತ್ತಾಯ್ತದೆ, ಹತ್ತಿರ ಎಲ್ಲಿದ್ರೂ ಸರಿ. ಒಣಗಿ ಕೆಂಪಗಿರಬೇಕು. ಬುಡ ಬುಡು!"

ಗುರುಮಲ್ಲ ಈ ಸಲ ಕಣ್ಣು ಬಿಟ್ಟೇ ನೋಡಿದ. ಹತ್ತಿರ ಇತ್ತು. ಕೆಂಪಗಿತ್ತು. ಒಂದು ಹಿಡಿ ಇತ್ತು.

ಚರ್ರ್!

ತುಟಿ ತಣ್ಣಗಾಗಿ ಬೆಳ್ಳಪ್ಪ ಎದ್ದ. ಮೂಗಿನ ಕೆಳಗೆ ಮುಟ್ಟಿಕೊಂಡ. "ನನ್ನ ಮೀಸೆ! ಯಾವನ್ಲಾ ಅವನು!"

"ಹೆದರಬ್ಯಾಡಿ ಮಾವ, ಬುಡ ಹಂಗೇ ಬುಟ್ಟಿವ್ನಿ!" ಅಂತ ಗುರುಮಲ್ಲ ಒಂದು ಕೊಡ ನೀರು ಮುಖಕ್ಕೇ ಸುರಿದ.

"ಹೆಣ್ಣೂ ಇಲ್ಲ, ಮಣ್ಣೂ ಇಲ್ಲ!" ಬೆಳ್ಳಪ್ಪ ಚಪ್ಪಲಿಗೆ ಕಾಲು ತೂರಿಸುವಾಗ ದಬದಬ ಮಳೆ ಹುಯ್ಯಿತು. ಒಳಗೆ ಓಡಿ ಬಂದು ಮೇಲೆ ನೋಡಿದ. ಸೂರಿನ ತೂತಿಗೆ ಗುರುಮಲ್ಲ ತುರುಕಿದ್ದ ಅವನ ಮೀಸೆ, ತುದಿ ಹುರಿ ಮಾಡಿದ್ದು ಮಾಡಿದಂಗೇ ಕೂತಿತ್ತು. ಒಂದು ಹನಿ ಸೋರಲಿಲ್ಲ.

"ತೂತು ತೋರಿಸಿ ಅಣ್ಣಯ್ಯ, ನೋಡುವಾ!" ಅಂದಳು ದೇವೀರವ್ವ, ಸೊಂಟದ ಮೇಲೆ ಕೈಯಿಟ್ಟು.

ಬೆಳ್ಳಪ್ಪ ಚಪ್ಪಲಿ ಕಳಚಿ ಕೂತ. ಬೋಳು ತುಟಿ ಹೊತ್ತು ಊರಿಗೆ ಹೋಗೋದು ಹೆಂಗೆ? ಮೀಸೆ ಬರೋವರೆಗೂ ಅಲ್ಲೇ ಉಳಿದ. ದಿನಾ ಬೆಳಗಾದರೆ ಗುರುಮಲ್ಲ ಒಂದು ಕೊಡ ನೀರು ಹೊಯ್ಯೋನು. ಕೊನೆಗೂ ಚಿಗುರಿತು. ಮದರಂಗಿ ಇಲ್ಲದೆ ಹತ್ತಿಯಂಗೆ ಬೆಳ್ಳಗೆ!

"ಅವ್ವೋ! ಮಾವ ಹೂ ಬುಟ್ಟವ್ರೆ! ಕೊಯ್ಲಿಗೆ ಬಂದವ್ರೆ!" ಗುರುಮಲ್ಲ ಕುಡುಗೋಲು ಹಿಡಿದು ಓಡಿ ಬಂದ.

ಬೆಳ್ಳಪ್ಪ ಎರಡೂ ಕೈಯಲ್ಲಿ ಮೂಗಿನ ಕೆಳಗೆ ಮುಚ್ಚಿಕೊಂಡು ಕಿರುಚಿದ: "ಹೆಣ್ಣು ಕೊಟ್ಟೆ ಕಣಪ್ಪಾ! ಕೊಟ್ಟೆ! ಇದನ್ನ ಬುಟ್ಟುಬುಡು!"

ಗುರುಮಲ್ಲ ಕುಡುಗೋಲು ಇಳಿಸಿದ. ಮೀಸೆಯನ್ನು ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ, ತಲೆಯಾಡಿಸಿದ.

"ಆಗಲಿ ಮಾವ. ಹಂಗಾದ್ರೆ ಇದನ್ನ ಬೀಜಕ್ಕೆ ಬುಡ್ತೀನಿ."