ಸೊಂಟಕ್ಕೆ ಸುತ್ತಿದ ಹಗ್ಗ

“ನನ್ನ ಮನೆಯಲ್ಲಿ ಇಲ್ಲದವಳಿಗೆ ನಾನೇಕೆ ಅನ್ನ ಹಾಕಬೇಕು, ಅಜ್ಜಾವರೇ?”

ಶಂಭುಲಿಂಗ ಈ ಪ್ರಶ್ನೆಯನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಮಠದ ಕಟ್ಟೆಯ ಮೇಲೆ, ಮಠದ ಸ್ವಾಮಿಗಳಾದ ಅಜ್ಜನ ಮುಂದೆ ಕೂತು ಕೇಳಿದಾಗ ಅದು ಅವನ ಕಿವಿಗೇ ಬಹಳ ಚೆನ್ನಾಗಿ ಕೇಳಿಸಿತು. ಅವನು ಮೋಟಾರು ರಿಪೇರಿಯವನು. ಸಂಬಳವಿಲ್ಲದೆ ಇನ್ನೊಬ್ಬರ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ವರ್ಷಗಳಲ್ಲಿ ಹೆಂಡತಿ ನೀಲವ್ವ ಊರವರ ರವಿಕೆ ಹೊಲಿದು ಮನೆ ನಡೆಸಿದ್ದಳು. ಆಮೇಲೆ ಅವನದೇ ಅಂಗಡಿಗೆ ಬೋರ್ಡು ಬಂತು. ಮರುವರ್ಷ ವಿಚ್ಛೇದನವೂ ಬಂತು. ಈಗ ಕೋರ್ಟು ತಿಂಗಳು ತಿಂಗಳು ಜೀವನಾಂಶ ಕೊಡು ಎಂದಿತ್ತು. ಸನ್ಯಾಸಿಯ ಹತ್ತಿರ ಕೋರ್ಟು ಏನೂ ಕೇಳುವುದಿಲ್ಲ ಎಂದು ಚಹಾದಂಗಡಿಯಲ್ಲಿ ಯಾರೋ ಹೇಳಿದ್ದರು. ಆ ಗಳಿಗೆಯಲ್ಲೇ ಅವನಿಗೆ ವೈರಾಗ್ಯ ಹುಟ್ಟಿತ್ತು.

“ಅವಳಿಂದ ಈಗ ನನಗೆ ಒಂದು ಲೋಟ ನೀರೂ ಇಲ್ಲ. ದುಡಿದು ತಿನ್ನು ಎಂದರೆ ಸೊಂಟ ನೋವಂತೆ, ಹೊಲಿಗೆ ಮಿಷನ್ ಮುಂದೆ ಕೂರಲು ಆಗುವುದಿಲ್ಲವಂತೆ. ಸಾಕು ಅಜ್ಜಾವರೇ, ಈ ಸಂಸಾರ. ನನಗೆ ದೀಕ್ಷೆ ಕೊಟ್ಟುಬಿಡಿ.”

ಹೀಗೆಂದು ಚೀಲದಿಂದ ಕಾವಿ ಪಂಚೆ ತೆಗೆದು ಮುಂದಿಟ್ಟ. ಅದರ ಬೆಲೆಚೀಟಿ ಇನ್ನೂ ಕಿತ್ತಿರಲಿಲ್ಲ.

ಅಜ್ಜ ಚೀಟಿಯನ್ನು ನೋಡಿದರು, ಶಂಭುಲಿಂಗನನ್ನು ನೋಡಿದರು. “ಕೊಡೋಣ. ಕಾವಿ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಒಂದು ಕತೆ ಕೇಳು” ಎಂದು ಶುರುಮಾಡಿದರು.

ಒಬ್ಬ ಹಗ್ಗದಾಟದವನಿದ್ದ. ಊರೂರು ತಿರುಗಿ, ಹಗ್ಗ ಕಟ್ಟಿ, ಅದರ ಮೇಲೆ ನಡೆದು ಹೊಟ್ಟೆ ಹೊರೆಯುತ್ತಿದ್ದ. ಬೇರೆ ಆಟದವರು ಹಗ್ಗದ ಎರಡೂ ತುದಿಗಳನ್ನು ಗೂಟಕ್ಕೆ ಕಟ್ಟುತ್ತಾರೆ. ಇವನ ಮನೆತನದ ಪದ್ಧತಿ ಬೇರೆ. ಒಂದು ತುದಿ ಗೂಟಕ್ಕೆ, ಇನ್ನೊಂದು ತುದಿ ಹೆಂಡತಿಯ ಸೊಂಟಕ್ಕೆ. ಅವಳು ಹಿಂದಕ್ಕೆ ವಾಲಿ ನಿಲ್ಲುವಳು. ಗಂಡ ಕುಣಿದಾಗ ಒಂದಿಷ್ಟು ಸಡಿಲ ಬಿಡುವಳು, ಕಾಲೂರಿದಾಗ ಎಳೆಯುವಳು. ಅದರಿಂದಲೇ ಹಗ್ಗಕ್ಕೆ ಜೀವ ಬರುತ್ತಿತ್ತು. ಹಗ್ಗದ ಮೇಲೆ ಹಾಗೆ ಕುಣಿಯುವವನು ಸುತ್ತ ಎಲ್ಲಿಯೂ ಇಲ್ಲ ಎಂದು ಜನ ಕತ್ತೆತ್ತಿ ನೋಡುತ್ತಿದ್ದರು, ಕೆಳಗೆ ಹಾಸಿದ ಬಟ್ಟೆಯ ಮೇಲೆ ಜೋಳ ಸುರಿಯುತ್ತಿದ್ದರು. ಹಗ್ಗ ಹಿಡಿದವಳನ್ನು ಯಾರೂ ನೋಡುತ್ತಿರಲಿಲ್ಲ.

ಗಂಡನೂ ನೋಡುತ್ತಿರಲಿಲ್ಲ. ಮೇಲಿಂದ ಬರೀ ಕೂಗುತ್ತಿದ್ದ. “ಸಡಿಲ ಬಿಡೇ! ಎಳಿಯೇ! ನಿದ್ದೆ ಬಂತೇನೇ ನಿನಗೆ?”

ಮದುವೆಯಾದಾಗಿನಿಂದ ತಲೆ ನರೆಯುವ ತನಕ ಹೀಗೇ ನಡೆಯಿತು. ಆಮೇಲೆ ಜಗಳ ಹತ್ತಿತು. ಸಾರಿನ ಉಪ್ಪಿನಿಂದ ಶುರುವಾದದ್ದು ಎಂದೋ ಸತ್ತ ಅತ್ತೆಯವರೆಗೂ ಹೋಯಿತು. ಊರ ಗೌಡ ಇಬ್ಬರನ್ನೂ ಕೂಡಿಸಲು ನೋಡಿದ. ಕೂಡಲಿಲ್ಲ. ಬಿಡಿಸಿದ. ಬಿಡಿಸಿದ ಮೇಲೆ, “ಇನ್ನು ಇವಳ ಹೊಟ್ಟೆಗೇನಪ್ಪ?” ಎಂದು ಕೇಳಿದ.

“ಹಗ್ಗದ ಮೇಲೆ ನಡೆದವನು ನಾನು, ಗೌಡರೇ. ಬಿದ್ದರೆ ಮುರಿಯುವುದು ನನ್ನ ಮೂಳೆ. ಇವಳು ನೆಲದ ಮೇಲೆ ಸುಮ್ಮನೆ ನಿಂತಿದ್ದಳು. ಗೂಟಕ್ಕೆ ಯಾರಾದರೂ ಪಾಲು ಕೊಡುತ್ತಾರೆಯೇ?”

“ಹಾಗೋ? ಸರಿ, ನಾಳೆ ಗೂಟ ಹೊಡೆದು ಆಡು. ನೋಡಿಯೇ ಹೇಳುತ್ತೇನೆ.”

ಮರುದಿನ ಆಟದವನು ಹೆಂಡತಿ ನಿಲ್ಲುತ್ತಿದ್ದ ಜಾಗದಲ್ಲಿ ಒಳ್ಳೆಯ ಜಾಲಿ ಗೂಟ ಹೊಡೆದ. ಗೂಟ ಮಿಸುಕಲಿಲ್ಲ. ಹಗ್ಗವೂ ಮಿಸುಕಲಿಲ್ಲ. ಅವನು ಎಂದಿನಂತೆ ಕುಣಿದ, ಎಂದಿನಂತಲ್ಲದೆ ಬಿದ್ದ. ಬಿದ್ದದ್ದು ಬೆಲ್ಲ ಮಾರುವವಳ ಬುಟ್ಟಿಯಲ್ಲಿ. ಮನೆಯ ತನಕ ನೊಣಗಳು ಬೀಳ್ಕೊಡಲು ಬಂದವು.

ಗೂಟ ಬೇಡವೆಂದು ಒಬ್ಬ ಪೈಲ್ವಾನನನ್ನು ಹಿಡಿದ. ಕೂಡಿದ ಜೋಳದಲ್ಲಿ ಮೂರರಲ್ಲಿ ಒಂದು ಪಾಲು ಕೊಟ್ಟರೆ ಮಾತ್ರ ಬರುತ್ತೇನೆ ಎಂದ ಪೈಲ್ವಾನ. ಇವನು ಒಪ್ಪಿದ. ಪೈಲ್ವಾನನಿಗೆ ಎಳೆಯುವುದು ಗೊತ್ತಿತ್ತು, ಬಿಡುವುದು ಗೊತ್ತಿರಲಿಲ್ಲ. ಬೆಲ್ಲದವಳು ಹುಷಾರಿ, ಅಂದು ಆಚೆ ಬದಿಗೆ ಹೋಗಿ ಕೂತಿದ್ದಳು. ಆಟದವನು ಆಚೆ ಬದಿಗೇ ಬಿದ್ದ.

“ಬಿದ್ದದ್ದು ನೀನು, ಹಿಡಿದದ್ದು ನಾನು” ಎಂದು ಪೈಲ್ವಾನ ತನ್ನ ಪಾಲು ಅಳೆದುಕೊಂಡು ಹೋದ.

ಆಟದವನು ಕುಂಟುತ್ತ ಬಂದಾಗ ಗೌಡ ಹೇಳಿದ, “ಬೀಳಿಸಿದವನಿಗೆ ಕೊಟ್ಟೆಯಲ್ಲ, ಅಷ್ಟನ್ನೇ ಬೀಳದ ಹಾಗೆ ಹಿಡಿದವಳಿಗೂ ಕೊಡು.”

“ಅದು ಹೇಗೆ, ಗೌಡರೇ? ಪೈಲ್ವಾನ ಈಗ ಹಿಡಿಯುತ್ತಾನೆ, ಈಗ ತಗೊಳ್ಳುತ್ತಾನೆ. ಇವಳು ಈಗ ಹಿಡಿಯುವುದಿಲ್ಲವಲ್ಲ?”

“ಆಹಾ, ನ್ಯಾಯವಾದ ಮಾತು!” ಎಂದು ಶಂಭುಲಿಂಗ ತೊಡೆ ತಟ್ಟಿಕೊಂಡ. ತನ್ನ ವಕೀಲನಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಸಂಕಟವೂ ಆಯಿತು.

“ಗೌಡನಿಗೂ ನ್ಯಾಯ ಅನಿಸಿತು” ಎಂದರು ಅಜ್ಜ.

ಗೌಡ ತಲೆಯಾಡಿಸಿ, “ಹಾಗಾದರೆ ನೀನು ಕೊಡುವುದು ಬೇಡ. ಅವಳೂ ನಿನ್ನ ಹಾಗೆ ಹಗ್ಗ ಹತ್ತಿ, ಕುಣಿದು, ತನ್ನ ಜೋಳ ತಾನೇ ಗಳಿಸಲಿ” ಎಂದ.

ಆಟದವನಿಗೆ ನಗು ತಡೆಯಲಾಗಲಿಲ್ಲ. “ಇವಳೇ? ಈ ವಯಸ್ಸಿಗೆ? ಕಲಿಯುವ ವಯಸ್ಸನ್ನೆಲ್ಲ ಕೆಳಗೆ ನಿಂತೇ ಕಳೆದಳಲ್ಲ, ಗೌಡರೇ!”

ಕೂತಿದ್ದವರಲ್ಲಿ ಯಾರೂ ನಗಲಿಲ್ಲ. ಅವನೊಬ್ಬನೇ ಸ್ವಲ್ಪ ಹೊತ್ತು ನಕ್ಕ. ಆಮೇಲೆ ತಾನು ಹೇಳಿದ್ದು ತನಗೇ ಕೇಳಿಸಿದಂತಾಗಿ ನಿಲ್ಲಿಸಿದ.

“ಯಾರಿಗಾಗಿ ನಿಂತಿದ್ದಳಪ್ಪ?” ಎಂದ ಗೌಡ. ಅಲ್ಲೇ ತೀರ್ಪನ್ನೂ ಕೊಟ್ಟ. ಅವಳು ಹಗ್ಗದ ಮೇಲೆ ತಾನಾಗಿ ಕುಣಿದು ಗಳಿಸುವ ತನಕ ಮೂರರಲ್ಲಿ ಒಂದು ಪಾಲು ಅವಳದು.

ಆಟದವನಿಗೆ ಅದರಲ್ಲೊಂದು ಉಪಾಯ ಕಂಡಿತು. ಬೇಗ ಕುಣಿಯಲು ಕಲಿಸಿದರೆ ಬೇಗ ಪೀಡೆ ಕಳೆಯಿತು! ಮರುದಿನವೇ ಅವಳ ಬಾಗಿಲಿಗೆ ಹೋಗಿ, “ಬಾ, ಕಲಿಸುತ್ತೇನೆ” ಎಂದ. ಅವಳು ಸೆರಗು ಸಿಕ್ಕಿಸಿಕೊಂಡು ಬಂದಳು. ಆದರೆ ಹಗ್ಗ ಹಿಡಿಯುವವರು ಯಾರು? ಗೂಟಕ್ಕೆ ಕಟ್ಟಿದರೆ ಹಗ್ಗಕ್ಕೆ ಜೀವ ಇಲ್ಲ, ಪೈಲ್ವಾನನನ್ನು ಕರೆದರೆ ಅವನಿಗೂ ಪಾಲು. ಬೇರೆ ದಾರಿ ಕಾಣದೆ ಆಟದವನು ಹಗ್ಗವನ್ನು ತನ್ನ ಸೊಂಟಕ್ಕೇ ಸುತ್ತಿಕೊಂಡ.

ಅವಳು ಹಗ್ಗದ ಮೇಲೆ ಒಂದು ಹೆಜ್ಜೆ ಇಟ್ಟಳು. ಇವನ ಕಣ್ಣು ಮೇಲಾಯಿತು. ಇನ್ನೊಂದು ಹೆಜ್ಜೆ ಇಟ್ಟಳು. ಇವನು ದೇವರನ್ನು ಕರೆದ.

ಮೇಲಿಂದ ಅವಳು ಕೂಗಿದಳು. “ಸಡಿಲ ಬಿಡೋ! ಎಳಿಯೋ! ನಿದ್ದೆ ಬಂತೇನೋ ನಿನಗೆ?”

ಸಂಜೆಯ ಹೊತ್ತಿಗೆ ಅವನಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ಸೊಂಟದ ಸುತ್ತ ಚರ್ಮ ಸುಲಿದು ಕೆಂಪಗೆ ಪಟ್ಟಿ ಎದ್ದಿತ್ತು. ಅದನ್ನು ಮುಟ್ಟಿ, ಮುಟ್ಟಲಾರದೆ, ಕೇಳಿದ. “ಇಷ್ಟು ವರ್ಷ ಇದಕ್ಕೆ ಏನು ಹಚ್ಚುತ್ತಿದ್ದೆ?”

“ಏನೂ ಇಲ್ಲ. ಸೀರೆ ಮುಚ್ಚುತ್ತಿದ್ದೆ.”

ಅವಳು ಕೊನೆಗೂ ನಾಲ್ಕು ಹೆಜ್ಜೆ ನಡೆಯಲು ಕಲಿತಳು, ಕುಣಿಯಲು ಬರಲಿಲ್ಲ. ಮತ್ತೆ ಕೂಡಿ ಬಾಳಿದರೇ ಎಂದು ಕೇಳಬೇಡ. ಇಲ್ಲ. ಸಾರಿನ ಉಪ್ಪಿನ ಜಗಳ ಹಾಗೇ ಉಳಿಯಿತು. ಆದರೆ ಪ್ರತಿ ಆಟ ಮುಗಿದ ಮೇಲೆ ಅವಳ ಪಾಲಿನ ಜೋಳವನ್ನು ಅವನೇ ಹೊತ್ತು, ಬಾಗಿಲಲ್ಲಿಟ್ಟು ಬರುತ್ತಿದ್ದ. ಗೌಡನ ಆಳು ಕೇಳಲು ಹೋಗುವ ಪ್ರಸಂಗವೇ ಬರಲಿಲ್ಲ. ಸ್ನಾನಕ್ಕೆ ಕೂತಾಗಲೆಲ್ಲ ಅವನ ಕೈ ಸೊಂಟದ ಮೇಲೆ ಹೋಗುತ್ತಿತ್ತಂತೆ.

ಅಜ್ಜ ಕತೆ ಮುಗಿಸಿದರು. ಶಂಭುಲಿಂಗ ತಲೆ ತುರಿಸಿಕೊಂಡ.

“ಕತೆಯೇನೋ ಚೆನ್ನಾಗಿದೆ. ಆದರೆ ನಾನು ಹಗ್ಗ ಹತ್ತಿದವನಲ್ಲ, ಅಜ್ಜಾವರೇ. ನೀಲವ್ವನೂ ಏನೂ ಹಿಡಿದು ನಿಂತಿರಲಿಲ್ಲ. ಮಿಷನ್ ಮುಂದೆ ಸೊಂಟ ಬಾಗಿಸಿ ಕೂತಿದ್ದಳು, ಅಷ್ಟೇ” ಎಂದು ಪಂಚೆಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿದ.

ಅಜ್ಜ ಪಂಚೆಯನ್ನು ಎತ್ತಿಕೊಂಡು, ಬೆಲೆಚೀಟಿ ಕಿತ್ತು, ಮಡಿಕೆ ಬಿಡಿಸಿ, ಉಡಿಸಲು ಸಿದ್ಧರಾದವರಂತೆ ಎದ್ದು ನಿಂತರು.

“ಇದನ್ನು ಉಡುವುದೂ ಸೊಂಟಕ್ಕೇ ಅಲ್ಲವೇನೋ ತಮ್ಮಾ? ಎಲ್ಲಿ, ಮೊದಲು ನಿನ್ನ ಸೊಂಟ ತೋರಿಸು.”