ಅಂಬಲಿ ಕುಡಿದು ಬೆಳೆದ ನಾಯಿಮರಿ

"ಅಜ್ಜಾರೆ, ಸೋಮಾರಿ ಮೈಯನ್ನು ದಾರಿಗೆ ತರುವುದು ಹೇಗೆ?" ಎಂದು ಶಿಷ್ಯ ನಿರುಪಾದಿ ಕೇಳಿದ. "ಬೆಳಗಿನ ಧ್ಯಾನಕ್ಕೆ ಕುಳಿತರೆ ತೂಕಡಿಕೆ. ಎದ್ದರೆ ಕಾಲು ನಡುಗುತ್ತದೆ. ಇನ್ನೂ ಕಠಿಣವಾದ ನಿಯಮ ಕೊಡಿ. ಇದನ್ನು ಬಗ್ಗಿಸಿಯೇ ತೀರುತ್ತೇನೆ."

ಮಠದ ಅಜ್ಜಾರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬಗ್ಗಿಸುತ್ತೀಯಂತೆ! ಕೂತುಕೋ. ಒಬ್ಬ ಕುರಿಗಾರನೂ ಹೀಗೇ ಹಟ ಹಿಡಿದಿದ್ದ" ಎಂದು ಹೇಳತೊಡಗಿದರು.

ಕುರಿಗಾರನ ಹಳೆಯ ನಾಯಿ ತೋಳದ ಬಾಯಿಗೆ ಸಿಕ್ಕಿ ಸತ್ತಿತ್ತು. ನಾಯಿಯಿಲ್ಲದ ಹಿಂಡೆಂದರೆ ಬಾಗಿಲಿಲ್ಲದ ಮನೆ. ಅವನು ಹತ್ತು ಊರು ಅಲೆದು ಒಳ್ಳೆಯ ತಳಿಯ ಮರಿಯೊಂದನ್ನು ತಂದ. ಎತ್ತರಕ್ಕೆ ಬೆಳೆಯುವ ಜಾತಿ ಅದು. ಮೂರು ಹೊತ್ತೂ ಜೋಳದ ಅಂಬಲಿ ಹೊಯ್ದ. ಅಂಬಲಿ ಬಿಟ್ಟರೆ ಬೇರೇನೂ ಇಲ್ಲ. ಮಾಂಸದ ರುಚಿ ಕಂಡ ನಾಯಿ ನಾಳೆ ಹಿಂಡಿಗೇ ಬಾಯಿ ಹಾಕುತ್ತದೆ ಎಂದು ಅವನ ಹಿರಿಯರು ಹೇಳುತ್ತಿದ್ದರು. ಹಾಲು ಕುರಿಮರಿಗಳ ಪಾಲು. ಹೀಗಾಗಿ ನಾಯಿಮರಿಯ ಹೊಟ್ಟೆಯೇನೋ ಗುಡಾಣದಂತೆ ತುಂಬುತ್ತಿತ್ತು, ಮೈಗೆ ಸತ್ವ ಸೇರುತ್ತಿರಲಿಲ್ಲ.

ನಾಲ್ಕು ತಿಂಗಳಾಗುವಷ್ಟರಲ್ಲಿ ಮರಿ ಆಟ ಬಿಟ್ಟಿತು. ಕರೆದರೆ ಬಾಲ ಅಲ್ಲಾಡಿಸುತ್ತಿತ್ತು, ಏಳುತ್ತಿರಲಿಲ್ಲ. ಮುಂಗಾಲುಗಳು ಸೊಟ್ಟಗಾದವು, ಮಣಿಕಟ್ಟು ಊದಿತು. "ಸೋಮಾರಿ ಮುಂಡೇದು" ಎಂದು ಬೈದು ಕುರಿಗಾರ ಅದನ್ನು ಹಿಂಡಿನ ಹಿಂದೆ ಓಡಿಸಿದ. ಕಾಲುಗಳು ಇನ್ನಷ್ಟು ಬಾಗಿದವು. ಆಗ ಬಿದಿರಿನ ದಬ್ಬೆ ಸೀಳಿ ಎರಡೂ ಕಾಲಿಗೆ ಬಿಗಿದು ಕಟ್ಟಿದ. ಮರಿ ಕುಂಯ್‌ಗುಟ್ಟಿತು. ಪಾಪ, ಅವನಿಗೂ ಕರುಳು ಚುರುಕ್ಕೆಂದಿತು. ಆದರೆ ಎಂಟೇ ದಿನದಲ್ಲಿ ಹಿಂಡು ಮೇವಿಗಾಗಿ ದೂರದ ಸೀಮೆಗೆ ಹೊರಡಬೇಕು. ನಡೆಯಲಾರದ ನಾಯಿಯನ್ನು ಬಿಟ್ಟು ಹೋಗುವುದೇ ಅವರ ರೂಢಿ. ಬಿಟ್ಟರೆ ಅದು ಸತ್ತ ಹಾಗೆಯೇ.

ಅಷ್ಟರಲ್ಲಿ ಕುರಿಗಳಿಗೆ ಲಸಿಕೆ ಹಾಕಲು ದನದ ಡಾಕ್ಟರಮ್ಮ ಬಂದರು. ಮರಿಯ ಊದಿದ ಮಣಿಕಟ್ಟು ಮುಟ್ಟಿದರು. ಪಕ್ಕೆಲುಬಿನ ಮೇಲೆ ಬೆರಳಾಡಿಸಿದರು. ಮಣಿ ಪೋಣಿಸಿದ ಹಾಗೆ ಸಾಲಾಗಿ ಗಂಟುಗಳು. ಮೊದಲು ದಬ್ಬೆ ಬಿಚ್ಚಿ ಎಸೆದರು.

"ಇದು ಸೋಮಾರಿತನವಲ್ಲಪ್ಪ, ರಿಕೆಟ್ಸ್ ರೋಗ. ಬೇಕಾದ ಆಹಾರ ಸಿಗದೆ ಎಲುಬು ಮೆತ್ತಗೇ ಉಳಿದಿದೆ. ಅದರ ಮೇಲೆ ನೀನು ಓಡಿಸಿದರೆ ಬಾಗದೆ ಏನು ಮಾಡೀತು? ಹಾಲು, ಬೇಯಿಸಿದ ಮೊಟ್ಟೆ, ಮಾಂಸ ಕೊಡು. ಈ ಕ್ಯಾಲ್ಸಿಯಂ ಪುಡಿ, ಈ ವಿಟಮಿನ್ ಹನಿ ನಾನು ಹೇಳಿದಷ್ಟೇ. ಬೇಗ ಗುಣವಾಗಲೆಂದು ಹೆಚ್ಚು ಹಾಕಿದೆಯೋ, ಅದೇ ವಿಷವಾದೀತು. ಎಲುಬು ಗಟ್ಟಿಯಾಗುವ ತನಕ ಓಡಿಸಬೇಡ."

"ಮಾಂಸ ತಿಂದು ಹಿಂಡಿಗೇ ಬಾಯಿ ಹಾಕಿದರೆ, ಅಕ್ಕಾರೆ?"

"ಹಬ್ಬಕ್ಕೆ ನೀನೂ ತಿನ್ನುತ್ತೀಯಲ್ಲ. ಹಟ್ಟಿಯ ಕುರಿಯನ್ನು ಯಾವತ್ತಾದರೂ ಹೋಗಿ ಕಚ್ಚಿದ್ದೀಯಾ?"

ಕುರಿಗಾರ ತಲೆ ಕೆರೆದುಕೊಂಡ. ಮಠದಲ್ಲಿ ಕೂತು ಮೊಟ್ಟೆ ಮಾಂಸದ ಮಾತೇಕೆ ಎಂದು ನೀನು ಮುಖ ಸಿಂಡರಿಸಬೇಡ, ನಿರುಪಾದಿ. ನಾಯಿಗೆ ನಾಯಿಯ ಊಟ.

ಹೊರಡುವ ದಿನ ಬಂತು. ನಡೆಯಲಾರದ ಎಳೆಯ ಕುರಿಮರಿಗಳನ್ನು ಅವರು ಬಲೆಯ ಚೀಲದಲ್ಲಿಟ್ಟು ಕುದುರೆಯ ಮೇಲೆ ಹೇರುತ್ತಾರೆ. ಕುರಿಗಾರ ನಾಯಿಮರಿಯನ್ನೂ ಅವುಗಳ ನಡುವೆ ಕೂರಿಸಿದ. ಜೊತೆಯವರು ಬಿದ್ದು ಬಿದ್ದು ನಕ್ಕರು. ಕಾವಲು ಕಾಯಬೇಕಾದ ನಾಯಿಯೇ ಸವಾರಿ ಹೊರಟಿತಲ್ಲ! ನಗಲಿ ಬಿಡು. ದಾರಿಯುದ್ದಕ್ಕೂ ಅವನು ಮೊಟ್ಟೆ ಹುಡುಕಿದ, ಹನಿ ಎಣಿಸಿ ಹಾಕಿದ. ಕೆಲವು ವಾರಕ್ಕೆ, ಕಾಲು ಮುಟ್ಟಿದರೆ ಮರಿ ಅಳುವುದು ನಿಂತಿತು. ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಕಾಗೆಯೊಂದನ್ನು ಅಟ್ಟಿಸಿಕೊಂಡು ಹೊಲದ ಈ ತುದಿಯಿಂದ ಆ ತುದಿಗೆ ಓಡಿತು. ಒಂದು ಕಾಲು ತುಸು ಸೊಟ್ಟಗೇ ಉಳಿದಿತ್ತು. ಇರಲಿ, ಓಡಿತಲ್ಲ! ಕುರಿಗಾರ ಬದುವಿನ ಮೇಲೆ ಕುಸಿದು ಕೂತು, "ಬದುಕಿದೆಯಾ ನನ್ನಪ್ಪಾ" ಎಂದು ಗಳಗಳ ಅತ್ತ. ಎದೆಯ ಭಾರ ಇಳಿದಾಗ ಬರುವ ಅಳು ಅದು.

ಅಜ್ಜಾರು ಕತೆ ಮುಗಿಸಿದರು. ನಿರುಪಾದಿ ಹಿಡಿದಿದ್ದ ಉಸಿರು ಬಿಟ್ಟ.

"ಸದ್ಯ, ಮರಿ ಉಳಿಯಿತು" ಎಂದ. "ಆದರೆ ಅಜ್ಜಾರೆ, ನನ್ನ ನಿಯಮ?"

"ಅದಿರಲಿ, ನೀನು ಸರಿಯಾಗಿ ಉಂಡು ಎಷ್ಟು ದಿನವಾಯಿತು?" ಎಂದರು ಅಜ್ಜಾರು.

ನಿರುಪಾದಿ ಉಪವಾಸದ ದಿನಗಳನ್ನು ಬೆರಳು ಮಡಚಿ ಎಣಿಸತೊಡಗಿದ. ಒಂದು ಕೈ ಸಾಲಲಿಲ್ಲ.