ಆಕಾಶನೌಕೆಯಲ್ಲಿ ಹುಲಿ

ನಮ್ಮೂರ ಗ್ರಂಥಾಲಯಕ್ಕೊಂದು ಹೊಸ ಆಟ ಬಂತು. ಪಾತ್ರ ವಹಿಸಿ, ದಾಳ ಹಾಕಿ, ಅರಮನೆಯಿಂದ ಅಂತರಿಕ್ಷದವರೆಗೆ ಯಾವ ಕಥೆ ಬೇಕಾದರೂ ಕಟ್ಟಬಹುದು.

"ನಾನೂರು ಪುಟದ ನಿಯಮದ ಪುಸ್ತಕ ಓದದೆ ಯಾರೂ ದಾಳ ಮುಟ್ಟಬಾರದು!" ಎಂದು ಗ್ರಂಥಪಾಲಕ ದೇಶಗತಿಯವರು ಗುಡುಗಿದರು. ಯಾರೂ ಮುಟ್ಟಲಿಲ್ಲ. "ಹಂಗಾರ ನಾಳೆ ವಾಪಸ್ ಕಳಿಸ್ತೀನಿ" ಎಂದರು.

ಕಸ ಗುಡಿಸುವ ಶರಣವ್ವ ಡಬ್ಬಿಯ ಮೇಲಿನ ನಾಲ್ಕು ಸಾಲು ಓದಿ ಕೇಳಿದಳು: "ಸಾಹೇಬ್ರ, ನೀವು ಆಕಾಶನೌಕೆ ಕ್ಯಾಪ್ಟನ್. ಒಳಗ ಹುಲಿ ಬಂದೈತಿ. ಏನ್ ಮಾಡ್ತೀರಿ?"

"ಬಾಗಿಲು ಹಾಕ್ಕೋತೀನಿ!"

"ದಾಳ ಒಗೀರಿ."

ದಾಳದಲ್ಲಿ ಬರೀ ಒಂದು ಬಿತ್ತು.

"ಬಾಗಿಲೇನೋ ಮುಚ್ಚಿತ್ರಿ. ಹುಲಿ ನಿಮ್ ಕೂಡನ ಒಳಗ ಉಳೀತು."

ಸಾಹೇಬರು ಕುರ್ಚಿ ಹತ್ತಿದರು. ಸಂಜೆ ಆಟದಲ್ಲಿ ಹುಲಿ ಪಳಗಿದ ಮೇಲೆ ಇಳಿದು ಕೈಮುಗಿದರು. "ಪುಣ್ಯ ಬರಲಿ ಶರಣವ್ವ, ಇಷ್ಟು ನಕ್ಕು ಎಷ್ಟು ವರ್ಷ ಆಗಿತ್ತೋ! ನಾಳೆ ಎಲ್ಲಾರಿಗೂ ನೀನ ಆಡಸು. ಈ ಹುಲಿ ಕಥಿ ಎಷ್ಟನೇ ಪುಟದಾಗ ಐತಿ?"

"ನನಗೇನ್ ಗೊತ್ರಿ? ಪುಸ್ತಕದ ಪ್ಲಾಸ್ಟಿಕ್ ನೀವಿನ್ನೂ ಬಿಚ್ಚೇ ಇಲ್ಲಲ್ರಿ."